ಆಮೆ ಹಿಡಿದಿಟ್ಟ ಸೀಟು

ಊರಿನ ಫುಟ್‌ಬಾಲ್ ಪಂದ್ಯಗಳನ್ನು ಊರವರಿಗೆ ಮೊಬೈಲಿನಲ್ಲಿ ನೇರವಾಗಿ ತೋರಿಸಬೇಕೆಂದು ಕ್ಲಬ್ಬಿನ ಸಭೆಯಲ್ಲಿ ಹಟ ಹಿಡಿದದ್ದು ಬೆಕ್ಕು.

"ಮನೆಯಲ್ಲೇ ಕಾಣುವಂತಾದರೆ ಮೈದಾನಕ್ಕೆ ಯಾರಯ್ಯಾ ಬರುತ್ತಾರೆ?" ಎಂದು ಅಧ್ಯಕ್ಷ ಕೋಣ ಕೇಳಿತು.

"ನಾನು ಬಂದೇ ಬರುತ್ತೇನೆ, ಸ್ವಾಮಿ. ಕೇಳುತ್ತಿರುವುದು ಆಮೆಯಜ್ಜನಿಗಾಗಿ. ಪಾಪ, ಕೆರೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಆಟವೇ ಮುಗಿದಿರುತ್ತದೆ."

ಮೂಲೆಯಲ್ಲಿದ್ದ ಆಮೆಗೆ ಕಣ್ಣು ತುಂಬಿ ಬಂತು. ಕೋಣ ಒಪ್ಪಿಕೊಂಡಿತು.

ಪಂದ್ಯದ ದಿನ ಬಿಸಿಲು ಜೋರಾಗಿತ್ತು. ಬೆಕ್ಕಿನ ಮನೆ ಮೈದಾನದ ಗೇಟಿನ ಎದುರಿಗೇ ಇತ್ತು. ಆದರೂ ಇವತ್ತೊಂದು ದಿನ ತಾನೇ ಎಂದುಕೊಂಡು ಅದು ದಿಂಬಿಗೊರಗಿ ಮೊಬೈಲು ಹಿಡಿಯಿತು.

ಕ್ಯಾಮೆರಾ ಗ್ಯಾಲರಿಯತ್ತ ತಿರುಗಿತು. ಬಹುಪಾಲು ಖಾಲಿ. ಅಲ್ಲಿ ಆಮೆ ಕೂತಿತ್ತು. ಹಿಂದಿನ ದಿನವೇ ಹೊರಟಿರಬೇಕು, ಮೈಯೆಲ್ಲ ಧೂಳು. ತಾನು ಬಿಸಿಲಲ್ಲಿ ಕೂತು, ನೆರಳಿದ್ದ ಪಕ್ಕದ ಸೀಟಿಗೆ ಟವೆಲ್ ಹಾಸಿತ್ತು. ಮೇಕೆಯೊಂದು ಅಲ್ಲಿ ಕೂರಲು ಹೋಯಿತು.

"ಬೇಡ ತಾಯಿ, ಅದು ಬೆಕ್ಕಣ್ಣನ ಜಾಗ. ನನಗೋಸ್ಕರ ಅಷ್ಟು ಜಗಳವಾಡಿದವನು, ಇನ್ನೇನು ಬಂದುಬಿಡುತ್ತಾನೆ," ಎಂದಿತು ಆಮೆ.

ಬೆಕ್ಕು ದಡಬಡಿಸಿ ಎದ್ದು ಬಾಗಿಲಿಗೆ ಓಡಿತು. ಈಗ ಹೋದರೂ ಆಮೆ ನಗುತ್ತಾ ಟವೆಲ್ ತೆಗೆಯುತ್ತದೆ, ಯಾಕೆ ತಡವಾಯಿತೆಂದು ಕೂಡ ಕೇಳುವುದಿಲ್ಲ. ಅದು ಹೊಳೆದದ್ದೇ ತಡ, ಬೆಕ್ಕು ಹೊಸ್ತಿಲಲ್ಲೇ ಬಾಲ ಮುದುಡಿ ಕುಸಿಯಿತು.