ಒಣಪಟ್ಟದ ಕೆರೆ

ಕರೇಕಲ್ಲುಗುಡ್ಡದ ಕೆಳಗೆ ಕೆರೆಯಿದೆ ಎಂದು ಕೇಳಿ ಬಂದವರು ಮೊದಲು ನಮ್ಮನ್ನೇ ಸುಳ್ಳರೆನ್ನುತ್ತಾರೆ. ಅವರಿಗೆ ಕಾಣುವುದು ಜಾಲಿ ಬೆಳೆದ ಬಯಲು, ನಡುವೆ ಬಾಯಿಬಿಟ್ಟ ಏರಿ, ಏರಿಯ ತುದಿಯಲ್ಲೊಂದು ಕಲ್ಲುಮಣೆ. ಇದಕ್ಕೆ ಒಣಪಟ್ಟದ ಕೆರೆ ಎಂಬ ಹೆಸರು ಬಂದದ್ದು ಸರ್ಜಪ್ಪನಾಯಕನಿಂದ. ಆ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮದು ಈ ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿ ಮನೆತನ.

ಹಿಂದೆ ಒಮ್ಮೆ ಗುಡ್ಡದ ಮೇಲಿನ ಕೋಟೆಯನ್ನು ಪಾಳೆಯಗಾರರು ಆಳುತ್ತಿದ್ದರು. ಸರ್ಜಪ್ಪನ ತಂದೆ ತೀರಿಕೊಂಡ ದಿನವೇ ಚಿಕ್ಕಪ್ಪ ಕೋಟೆ ಹಿಡಿದು, ಪಟ್ಟವಾಗಬೇಕಿದ್ದ ಇವನನ್ನು ಗಡಿಯಾಚೆ ಅಟ್ಟಿದ. ಅಲ್ಲಿಯವರೆಗೆ ಇವನದೇನೂ ತಪ್ಪಿಲ್ಲ, ಒಪ್ಪೋಣ. ಪರನಾಡಿನ ದಂಡು ಕಟ್ಟಿಕೊಂಡು ಬಂದ. ಬಾಗಿಲಲ್ಲೇ ಪೆಟ್ಟು ತಿಂದು ಓಡಿದ. ಮತ್ತೆ ಬಂದ, ಮತ್ತೆ ಓಡಿದ. ಕೋಟೆಯವರು ಕುಡಿಯುವುದು ಈ ಕೆರೆಯ ನೀರೆಂದು ತಿಳಿದು, ಮೂರನೆಯ ಸಲ ಮಾಡಬಾರದ್ದನ್ನು ಮಾಡಿದ. ತುಂಬಿದ ಕೆರೆಯ ಏರಿ ಒಡೆಸಿದ. ಕೆಳಗಿನ ಹಟ್ಟಿ, ಪೈರು, ದನಕರು ಎಲ್ಲ ಕೊಚ್ಚಿಹೋಯಿತು. ನಮ್ಮ ಮೂಲಪುರುಷನ ಅಣ್ಣ, ನೀರುಗಂಟಿ ಗಾದ್ರಿಯ ಹೆಂಡತಿ ಮಕ್ಕಳೂ ಹೋದರು. ಬಾಯಾರಿದ ಚಿಕ್ಕಪ್ಪ ವಾರದೊಳಗೆ ಹಿಂಬಾಗಿಲಿಂದ ಪರಾರಿಯಾದ ಎನ್ನುತ್ತಾರೆ.

ಗೆದ್ದವನು ಬೀಗುತ್ತ ಬಂದು ಈ ಕಲ್ಲುಮಣೆಯ ಮೇಲೆ ಕುಳಿತ. ಈ ಸೀಮೆಯ ಪದ್ಧತಿಯೇ ಹಾಗೆ: ನೀರುಗಂಟಿ ಇದೇ ಕೆರೆಯಿಂದ ಒಂದು ಕೊಡ ನೀರು ತಂದು ತಲೆಗೆ ಸುರಿದರೆ ಮಾತ್ರ ಪಟ್ಟ, ಇಲ್ಲದಿದ್ದರೆ ಯಾರೂ ತಲೆಬಾಗುತ್ತಿರಲಿಲ್ಲ. ಗಾದ್ರಿ ಬಂದು ಬರಿಗೊಡವನ್ನು ಅವನ ಮುಂದೆ ಬೋರಲು ಹಾಕಿದ.

"ಕೆರೇಲಿ ನೀರೆಲ್ಲಿದೆ ಬುದ್ಧೀ? ನೀವೇ ಬಿಟ್ಟಿರಲ್ಲ."

"ಊರ ಬಾವಿಯಿಂದ ತಾ."

"ಬಾವಿ ನೀರಲ್ಲಿ ಸ್ನಾನ ಆಗ್ತದೆ, ಪಟ್ಟ ಆಗೋದಿಲ್ಲ."

ಕೂಡಿದ್ದ ಜನ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ನಡೆದರು. ಏರಿ ಕಟ್ಟಿರೆಂದು ಅವನು ಬೆದರಿಸಿದ, ಹೊಡೆಸಿದ, ಕೊನೆಗೆ ಕೈಮುಗಿದ. ಯಾರೂ ಒಂದು ಬುಟ್ಟಿ ಮಣ್ಣು ಹೊರಲಿಲ್ಲ. ತನ್ನ ದಂಡಿನವರಿಂದ ಕಟ್ಟಿಸಿದ್ದು ಮೊದಲ ಮಳೆಗೇ ಕರಗಿತು. ಎರಡು ಮಳೆಗಾಲ ಕಾದು, ಹಾಳು ಕೋಟೆಯಿಂದಿಳಿದು, ಬಂದ ದಾರಿಯಲ್ಲೇ ಹೋದ.

ಕೆರೆ ತುಂಬಿದರೆ ಪಟ್ಟ ಕೇಳಿಕೊಂಡು ಮತ್ತೆ ಬಂದಾನೆಂದು ನಮ್ಮವರು ಆಮೇಲೂ ಏರಿ ಕಟ್ಟಲಿಲ್ಲ. ಗದ್ದೆಗಳೆಲ್ಲ ಬೀಳುಬಿದ್ದವು; ಉಪವಾಸ ಬಿದ್ದರೇ ಹೊರತು ಕಟ್ಟಲಿಲ್ಲ. ನೋಡಬಂದವರಿಗೆ ಇಂದಿಗೂ ಮಣೆಯ ಮೇಲೆ ಬೋರಲು ಹಾಕಿದ ಮಣ್ಣಿನ ಕೊಡ ಕಾಣುತ್ತದೆ. ಒಡೆದರೆ ನಮ್ಮ ಮನೆಯವರು ಹೊಸದನ್ನು ತಂದಿಡುತ್ತೇವೆ. ಮಳೆ ಬಂದಾಗ ನೀರು ಏರಿಯ ಆ ಒಡಕಿನಿಂದಲೇ ಹರಿದುಹೋಗುತ್ತದೆ. ನಾವು ದಡದಲ್ಲಿ ನಿಂತು, ಹೋಗಲೆಂದು ಬಿಡುತ್ತೇವೆ.