ಪೂರ್ತಿ ತಿರುಗಿ ನೋಡುವ ಡ್ರೈವರ್

ಯಾರು ಮಾತಾಡಿಸಿದರೂ ಟ್ಯಾಕ್ಸಿ ಡ್ರೈವರ್ ತಿಪ್ಪೇಸ್ವಾಮಿ ಪೂರ್ತಿ ಅವರ ಕಡೆ ತಿರುಗಿ ನೋಡುತ್ತಿದ್ದ. ಓರೆಗಣ್ಣಲ್ಲಿ ನೋಡಿ ಉತ್ತರ ಕೊಟ್ಟವನೇ ಅಲ್ಲ. "ಎಂಥಾ ಮರ್ಯಾದಸ್ಥ ನೋಡ್ರಿ" ಅನ್ನುತ್ತಿದ್ದರು ಜನ.

ಆ ವರ್ಷ ಅವನ ಟ್ಯಾಕ್ಸಿ ಲೈಸೆನ್ಸಿನ ಅವಧಿ ಮುಗಿಯಿತು. ಮತ್ತೆ ಕೊಡಬೇಕಾದರೆ ಪರೀಕ್ಷೆ ಆಗಬೇಕು. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ವಿನುತಾ. ಚಿಕ್ಕವಳಿದ್ದಾಗ ಅವಳನ್ನು ದಿನಾ ಶಾಲೆಗೆ ಬಿಡುತ್ತಿದ್ದವನು ಇದೇ ತಿಪ್ಪೇಸ್ವಾಮಿ. ಒಮ್ಮೆ ಅವಳಿಗೆ ಶಾಲೆಯಲ್ಲಿ ಜ್ವರ ಏರಿದಾಗ ಹೆಗಲ ಮೇಲೆ ಹಾಕಿಕೊಂಡು ಬಂದು ಅಮ್ಮನ ಮಡಿಲಲ್ಲಿ ಮಲಗಿಸಿ ಹೋಗಿದ್ದ.

ಪರೀಕ್ಷೆಯ ದಿನ ಅವನು ಇಸ್ತ್ರಿ ಅಂಗಿ ಹಾಕಿ, ಹಣೆತುಂಬ ವಿಭೂತಿ ಬಳಿದುಕೊಂಡು ಆರ್‌ಟಿಓ ಕಚೇರಿಗೆ ಬಂದಿದ್ದ.

"ಏನಣ್ಣ, ಹೆಣ್ಣು ನೋಡೋಕೆ ಹೊಂಟೀಯೋ?" ಎಂದು ಸಾಲಿನಲ್ಲಿದ್ದವರು ನಕ್ಕರು.

"ಹೂಂ ಕಣ್ರಲೇ, ಹೆಣ್ಣೇ ನನ್ನ ನೋಡ್ಬೇಕು ಇವತ್ತು" ಅಂದ.

ವಿನುತಾ ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, "ಒಂದು ಕಣ್ಣು ಮುಚ್ಚಿ ಓದಿ" ಅಂದಳು. ಅವನು ಎಡಗೈಯಿಂದ ಎಡಗಣ್ಣು ಮುಚ್ಚಿ ತಡವರಿಸದೆ ಓದಿದ.

"ಇನ್ನೊಂದು."

ಈಗ ಬಲಗೈ ಎತ್ತಿದ. ಮುಚ್ಚಿದ್ದು ಮಾತ್ರ ಮತ್ತೆ ಎಡಗಣ್ಣನ್ನೇ.

ವಿನುತಾ ಎದ್ದು ಅವನ ಎಡಗಡೆ ನಿಂತು ಪೆನ್ನು ಹಿಡಿದಳು. ಅವನು ನೆಟ್ಟಗೆ ಗೋಡೆ ನೋಡುತ್ತಲೇ ಇದ್ದ.

"ಮಾಮ, ಇದೇನು?"

ಪೂರ್ತಿ ತಿರುಗಿದ. "ಪೆನ್ನಲ್ವೇನವ್ವ" ಅಂದ. ಅವಳ ಮುಖ ನೋಡಿದ ಮೇಲೆ ಅವನ ದನಿ ಇಳಿಯಿತು. "ಈ ಎಡಗಣ್ಣಿಗೆ ಬಂದಿದ್ದು ಪೊರೆ ಅಲ್ಲವಂತೆ, ಒಳಗಿನ ನರವೇ ಒಣಗೈತಂತೆ. ದಾರಿ ಎಲ್ಲಾ ಗಾಡಿಗೇ ಗೊತ್ತು ಬಿಡವ್ವ. ಬೇರೆ ಕೆಲಸ ನನಗೇನು ಬರ್ತದೆ, ನೀನೇ ಹೇಳು."

ಇಲ್ಲ ಅನ್ನಬೇಕೆಂದು ಅವಳು ಬಾಯಿ ತೆರೆದಳು. ಹೆಗಲ ಮೇಲಿನ ಆ ಜ್ವರದ ಮಧ್ಯಾಹ್ನ ನೆನಪಾಯಿತು. ಸಹಿ ಹಾಕಿಬಿಟ್ಟಳು.

ಸಂಜೆ ಮಗಳನ್ನು ಕರೆತರಲು ಶಾಲೆಗೆ ಹೋದಳು. ಗೇಟಿನ ಮುಂದೆಯೇ ತಿಪ್ಪೇಸ್ವಾಮಿಯ ಬಿಳಿ ಕಾರು ನಿಂತಿತ್ತು. ಎಡಗಡೆಯ ಬಾಗಿಲಿನಿಂದ ಮಕ್ಕಳು ನೂಕಾಡಿಕೊಂಡು ಹತ್ತುತ್ತಿದ್ದವು. ಚಪ್ಪಲಿ ಬಿದ್ದುಹೋದ ಒಂದು ಮಗು ಮತ್ತೆ ಕೆಳಗಿಳಿದು ಚಕ್ರದ ಪಕ್ಕ ಬಗ್ಗಿತು. ಗೇಟಿನ ಆಯಾ ಅದನ್ನು ಎಳೆದು ಮೇಲೆ ಹತ್ತಿಸಿದಳು. ತಿಪ್ಪೇಸ್ವಾಮಿಗೆ ಅದು ಗೊತ್ತೇ ಆಗಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತಿದ್ದ ಅವನು ಬಲಗಡೆ ನಿಂತಿದ್ದ ವಿನುತಾಳನ್ನು ನೋಡಿ ನಗುತ್ತಿದ್ದ.

"ಅವ್ವಾ, ನಿಮ್ಮನೆ ಕಡೇಗೇ ಹೊಂಟೀನಿ. ಮಗೀನ ಮುಂದಿನ ಸೀಟಿನಾಗೆ ಕೂರ್ಸು. ನಿನ್ನೂ ಅಲ್ಲೇ ಅಲ್ವಾ ಕೂರಿಸ್ತಿದ್ದಿದ್ದು?"

ಮಗಳು ಕೈ ಜಗ್ಗಿದಳು. ವಿನುತಾ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಕಾರಿನೊಳಗಿನ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದವು.

"ಬಾರವ್ವ, ಯಾಕೆ ನಿಂತೆ?" ಎಂದು ತಿಪ್ಪೇಸ್ವಾಮಿ ಪೂರ್ತಿ ಅವಳ ಕಡೆ ತಿರುಗಿ ಕಾಯುತ್ತಾ ಕೂತ.

ಅವಳು ಮಗಳನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು.

ನೀತಿ: ನಮ್ಮ ಮಗುವನ್ನು ಕೂರಿಸಲು ಹೆದರುವ ಗಾಡಿಗೆ ಊರಿನ ಮಕ್ಕಳನ್ನು ಹತ್ತಿಸುವುದು ಕರುಣೆಯಲ್ಲ. ನಮ್ಮ ಋಣವನ್ನು ನಾವೇ ತೀರಿಸಬೇಕು, ಬೇರೆಯವರ ಜೀವ ಒತ್ತೆ ಇಟ್ಟಲ್ಲ.