ಅಬ್ಬಿಯ ದಾರಿಗೆ ಅಡ್ಡಸೊಪ್ಪು

ದಾಕ್ಷಾಯಣಿಗೆ ಅಂದು ಬೆಳಗಿನಿಂದಲೇ ಮೈಯೆಲ್ಲ ಉರಿ.

ಹೊಳೆಯ ದಂಡೆಯ ಆ ಆಶ್ರಮಕ್ಕೆ ನೀಲಗಂಗವ್ವ ಗುರು. ಶಿಷ್ಯೆಯರು ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು.

ಹೊಳೆ ಇಳಿದು ಬರುವ ಕಾಡಿನೊಳಗೆ ಎತ್ತರದ ಬಂಡೆಯಿಂದ ಧುಮುಕುವ ಒಂದು ಅಬ್ಬಿ ಇತ್ತು. ಮಳೆಗಾಲ ಕಳೆದು ದಾರಿ ಬಿಟ್ಟಾಗ ಅವ್ವ ಒಬ್ಬ ಶಿಷ್ಯೆಯನ್ನು ಆ ಅಬ್ಬಿಯ ಬುಡಕ್ಕೆ ಕರೆದೊಯ್ಯುತ್ತಿದ್ದರು. ನೀರು ಧುಮುಕುವ ಸದ್ದಿನ ನಡುವೆ ಅವಳ ಕಿವಿಯಲ್ಲಿ ಮಂತ್ರ ಹೇಳುತ್ತಿದ್ದರು. ಆ ಮಾತು ಬೇರೆ ಯಾರ ಕಿವಿಗೂ ಬೀಳಬಾರದು. ಅದು ಅಲ್ಲಿಯ ಕಟ್ಟಳೆ.

ದಾಕ್ಷಾಯಣಿ ವರ್ಷಗಟ್ಟಲೆ ಕಾದಿದ್ದಳು. ಅವಳ ನಂತರ ಬಂದವರೂ ಅಬ್ಬಿ ನೋಡಿ ಬಂದಿದ್ದರು. ಈ ಸಲ ಸರದಿ ಅವಳದೇ ಎಂದು ಅಡುಗೆಮನೆಯ ಒಲೆಗೂ ಗೊತ್ತಿತ್ತು.

ಆದರೆ ಹಿಂದಿನ ಸಂಜೆ ಅವ್ವ ಹೇಳಿದ್ದರು, "ನಾಳೆ ಅಬ್ಬಿಗೆ ಹೋಗೋಣ. ದಾಕ್ಷಾಯಣಿ, ಹೊನ್ನಿ, ಇಬ್ಬರೂ ಬನ್ನಿ."

ಹೊನ್ನಿ! ಕಳೆದ ಸುಗ್ಗಿಯಲ್ಲಿ ಬಂದವಳು. ಭಜನೆಯಲ್ಲಿ ಎಲ್ಲರೂ ನಿಲ್ಲಿಸಿದ ಮೇಲೂ ಇನ್ನೊಂದು ಸಾಲು ಹಾಡುವವಳು. ಧ್ಯಾನಕ್ಕೆ ಕೂತರೆ ಗೊರಕೆ. ಬೈದರೆ ನಗು.

ಬೆಳಿಗ್ಗೆ ಹೊರಡುವ ಹೊತ್ತಿಗೆ ಅವಳು ಇರಲೂ ಇಲ್ಲ.

"ಎಲ್ಲಿ ಅವಳು?" ಎಂದರು ಅವ್ವ.

"ನಾಯಿ ಅವಳ ಚಪ್ಪಲಿ ಕಚ್ಚಿಕೊಂಡು ಹೋಯಿತಂತೆ. ಹಿತ್ತಲಲ್ಲಿ ನಾಯಿಯ ಹಿಂದೆ ಓಡುತ್ತಿದ್ದಾಳೆ." ದಾಕ್ಷಾಯಣಿ ಹಲ್ಲು ಕಚ್ಚಿ ಹೇಳಿದಳು. "ಮಂತ್ರ ತೆಗೆದುಕೊಳ್ಳುವ ದಿನ!"

"ನಡಿ. ಅವಳು ಹಿಂದೆ ಬರುತ್ತಾಳೆ."

"ಅವಳಿಗೆ ದಾರಿ ಗೊತ್ತಿಲ್ಲ, ಅವ್ವಾ."

"ನಿನಗೆ ಗೊತ್ತಿದೆಯೋ?"

ದಾಕ್ಷಾಯಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕವಲು ಬಂದಲ್ಲಿ ನಾನು ಹೇಳುತ್ತೇನೆ. ನೀನು ಸೊಪ್ಪು ಹಾಕುತ್ತಾ ನಡಿ" ಎಂದರು ಅವ್ವ.

ಕಾಡಿನ ದಾರಿಯಲ್ಲಿ ಮುಂದೆ ಹೋಗುವವರು ಹಿಂದೆ ಬರುವವರಿಗಾಗಿ ಮಾಡುವ ಕೆಲಸ ಅದು. ದಾರಿ ಎರಡಾದರೆ, ಹೋಗಬಾರದ ದಾರಿಗೆ ಅಡ್ಡಲಾಗಿ ಒಂದು ಹಸಿರು ಟೊಂಗೆ ಮುರಿದು ಹಾಕಬೇಕು. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಲ್ಲು. ಅದೇ ಅಡ್ಡಸೊಪ್ಪು. ಅದನ್ನು ಯಾರೂ ದಾಟುವುದಿಲ್ಲ.

ಮೊದಲ ಕವಲು ಬಂತು.

"ಬಲಗಡೆಗೆ ಹಾಕು" ಎಂದರು ಅವ್ವ.

ದಾಕ್ಷಾಯಣಿ ಟೊಂಗೆಯನ್ನು ಎಷ್ಟು ಜೋರಾಗಿ ಮುರಿದಳೆಂದರೆ ಮರದ ಸಿಪ್ಪೆಯೂ ಕಿತ್ತುಬಂತು.

"ಮರ ಏನು ಮಾಡಿತು ನಿನಗೆ?"

"ಏನಿಲ್ಲ."

"ಮುಖ ನೋಡಿದರೆ ಅದರ ಮೇಲೆ ರೊಟ್ಟಿ ಸುಡಬಹುದು."

ದಾಕ್ಷಾಯಣಿ ನಗಲಿಲ್ಲ. ಕಲ್ಲನ್ನು ಟೊಂಗೆಯ ಮೇಲೆ ಕುಕ್ಕಿದಳು.

ದಾರಿ ಏರತೊಡಗಿತು. ಕಾಲ ಕೆಳಗೆ ಒದ್ದೆ ತರಗೆಲೆ. ದೂರದಲ್ಲಿ ಅಬ್ಬಿಯ ಸದ್ದು, ಯಾರೋ ಬೀಸುವ ಕಲ್ಲು ತಿರುಗಿಸುತ್ತಿರುವ ಹಾಗೆ.

ಕೊನೆಗೆ ದಾಕ್ಷಾಯಣಿ ಕೇಳಿಯೇಬಿಟ್ಟಳು. "ಅವ್ವಾ, ನಾನು ಏನು ತಪ್ಪು ಮಾಡಿದೆ?"

"ಯಾವಾಗ?"

"ಇಷ್ಟು ವರ್ಷ ನೀವು ಹೇಳಿದ್ದು ಮಾಡಿದೆ. ಒಂದು ಪಾಠ ತಪ್ಪಿಸಲಿಲ್ಲ. ಒಂದು ದೀಪ ಆರಲು ಬಿಡಲಿಲ್ಲ. ನನಗೂ ಅವಳಿಗೂ ಒಂದೇ ದಿನವೇ?"

"ಒಂದೇ ಅಬ್ಬಿ ಇರೋದು. ಏನು ಮಾಡಲಿ?"

"ತಮಾಷೆ ಬೇಡ ಅವ್ವಾ."

"ತಮಾಷೆಯಲ್ಲ. ನಿನಗೆ ಮಂತ್ರ ಬೇಕೋ, ಅವಳಿಗೆ ಸಿಗಬಾರದೋ? ಎರಡರಲ್ಲಿ ಯಾವುದು ದೊಡ್ಡದು, ನೋಡಿಕೋ."

ದಾಕ್ಷಾಯಣಿ ದಾಪುಗಾಲು ಹಾಕಿದಳು. ಅವ್ವ ಒಂದು ಬಂಡೆಯ ಮೇಲೆ ಕೂತರು.

"ನನಗೆ ಏದುಸಿರು. ನೀನು ಮುಂದೆ ಹೋಗಿರು" ಎಂದರು. "ಇನ್ನು ಒಂದೇ ಕವಲು. ಅಲ್ಲಿ ಕೆಳಗಿನ ದಾರಿ ಹಿಡಿ, ಅದು ಅಬ್ಬಿಯ ಬುಡಕ್ಕೆ. ಮೇಲಿನದಕ್ಕೆ ಸೊಪ್ಪು ಹಾಕು."

"ಮೇಲಿನದು ಎಲ್ಲಿಗೆ ಹೋಗುತ್ತೆ?"

"ಹೋಗಬಾರದಲ್ಲಿಗೆ."

ಆ ಕವಲಿಗೆ ಬಂದಾಗ ದಾಕ್ಷಾಯಣಿ ಒಬ್ಬಳೇ.

ಕೆಳಗಿನ ದಾರಿ ಕಿರಿದು, ಕತ್ತಲೆ. ಮೇಲಿನದು ಅಗಲ. ಅದರ ಮೇಲೆ ಅಲ್ಲಲ್ಲಿ ಒಣಗಿದ ಸಗಣಿ. ದನ ಮೇಯುವ ಬಯಲಿಗೆ ಹೋಗುವ ದಾರಿ ಇರಬೇಕು ಎಂದುಕೊಂಡಳು.

ಟೊಂಗೆ ಮುರಿದಳು. ಹಿಡಿದು ನಿಂತಳು.

ಹಿಂದಿನಿಂದ ದೂರದಲ್ಲಿ ಒಂದು ಹಾಡು ಕೇಳಿಸಿತು. ಹೊನ್ನಿಯದು. ಅದೂ ಅಪಸ್ವರ.

ಹೋಗಲಿ ಬಯಲಿಗೆ. ದನಗಳಿಗೆ ಹಾಡಲಿ. ಸಂಜೆ ಅಲ್ಲಿಂದಲೇ ಮನೆಗೆ ಬರಲಿ. ಅವ್ವನಿಗೆ ಹೇಗೂ ದಾರಿ ಗೊತ್ತು, ಅವರಿಗೆ ಸೊಪ್ಪಿನ ಹಂಗೇನು?

ದಾಕ್ಷಾಯಣಿ ಟೊಂಗೆಯನ್ನು ಕೆಳಗಿನ ದಾರಿಗೆ ಅಡ್ಡ ಹಾಕಿದಳು. ಹುಡುಕಿ ಒಂದು ದೊಡ್ಡ ಕಲ್ಲು ತಂದು ಮೇಲಿಟ್ಟಳು. ದಾಟಿ ಇಳಿದುಹೋದಳು.

ಅಬ್ಬಿಯ ಬುಡದಲ್ಲಿ ನಿಂತಾಗ ಅವಳಿಗೆ ಅಬ್ಬಿ ಕಾಣಲಿಲ್ಲ. ಇಷ್ಟು ವರ್ಷ ಕನಸಿನಲ್ಲಿ ಕಂಡಿದ್ದ ನೀರು ಎದುರಿಗೇ ಬೀಳುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ, ದಾರಿಯ ಕಡೆ ಕಣ್ಣು ನೆಟ್ಟು ಕೂತಳು. ಅವ್ವ ಬರಬೇಕು. ಒಬ್ಬರೇ ಬರಬೇಕು.

ಅವ್ವ ಬರಲಿಲ್ಲ.

ಬಿಸಿಲು ಮಡುವಿನ ಒಂದು ಅಂಚಿನಿಂದ ನಡುವಿಗೆ ಸರಿಯಿತು. ಆಗಲೂ ಬರಲಿಲ್ಲ. ತಾನು ಕಾಯಲಿ ಎಂದೇ ಅವ್ವ ಬೇಕೆಂದು ತಡ ಮಾಡುತ್ತಿರಬಹುದು ಎನಿಸಿ ದಾಕ್ಷಾಯಣಿಗೆ ಮತ್ತೆ ರೇಗಿತು.

ಬೆನ್ನ ಹಿಂದೆ ಮಡುವಿನಲ್ಲಿ ಏನೋ ಬಿತ್ತು.

ತಿರುಗಿ ನೋಡಿದಳು. ನೊರೆಯ ನಡುವೆ ಒಂದು ಚಪ್ಪಲಿ ತಿರುಗುತ್ತಿತ್ತು. ಹರಿದ ಪಟ್ಟಿಗೆ ಕೆಂಪು ಬಟ್ಟೆಯ ಚಿಂದಿ ಕಟ್ಟಿತ್ತು. ಅಂಥ ಚಪ್ಪಲಿ ಆಶ್ರಮದಲ್ಲಿ ಒಬ್ಬಳದೇ.

ದಾಕ್ಷಾಯಣಿ ತಲೆಯೆತ್ತಿದಳು.

ಮೇಲೆ, ನೀರು ಧುಮುಕುವ ಬಾಯಿಯಲ್ಲೇ, ಹಾವಸೆ ಹಿಡಿದ ಬಂಡೆಯ ಮೇಲೆ ಅವ್ವ. ಒಂದು ಕಾಲು ಜಾರಿ ಅಂಚಿನ ಕಡೆ ಚಾಚಿತ್ತು. ಎರಡು ಕೈಯಿಂದಲೂ ಬಂಡೆಯನ್ನು ತಬ್ಬಿದ್ದರು. ಅವರ ಹಿಂದೆ, ಹೊಟ್ಟೆಯ ಮೇಲೆ ತೆವಳುತ್ತ ಹೊನ್ನಿ.

ಮೇಲಿನ ದಾರಿ ಬಯಲಿಗೆ ಹೋಗುತ್ತಿರಲಿಲ್ಲ.

ದಾಕ್ಷಾಯಣಿ ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಅಬ್ಬಿಯ ಸದ್ದಿನಲ್ಲಿ ಅವಳ ಕೂಗು ಅವಳ ಕಿವಿಗೇ ಬೀಳಲಿಲ್ಲ. ಮತ್ತೆ ಮತ್ತೆ ಕೂಗಿದಳು. ಮೇಲಿನವರು ಯಾರೂ ತಿರುಗಿದಂತೆ ಕಾಣಲಿಲ್ಲ.

ಓಡಿದಳು.

ಕವಲಿನಲ್ಲಿ ತಾನು ಹಾಕಿದ ಟೊಂಗೆ ಇಟ್ಟಲ್ಲೇ ಇತ್ತು, ಕಲ್ಲೂ ಇತ್ತು. ಒಂದೇ ಒದೆತಕ್ಕೆ ಎರಡನ್ನೂ ಪೊದೆಗೆ ಎಸೆದು ಮೇಲಿನ ದಾರಿ ಹತ್ತಿದಳು.

ಅವಳು ಹೋಗುವಷ್ಟರಲ್ಲಿ ಅವ್ವ ಬಂಡೆಯಿಂದ ಈಚೆ ಬಂದು ಒಂದು ಮರದ ಬೇರಿನ ಮೇಲೆ ಕೂತಿದ್ದರು. ಮೊಣಕಾಲು ಸುಲಿದು ರಕ್ತ ಇಳಿಯುತ್ತಿತ್ತು. ಹೊನ್ನಿ ತನ್ನ ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದಿದ್ದಳು. ಅವಳ ಇನ್ನೊಂದು ಕೈ ಇನ್ನೂ ಅವ್ವನ ಸೀರೆಯನ್ನು ಬಿಗಿಹಿಡಿದೇ ಇತ್ತು.

"ಅಕ್ಕಾ, ಬಂದ್ರಾ?" ಎಂದಳು ಹೊನ್ನಿ. "ನನ್ನ ಚಪ್ಪಲಿ ಕೆಳಗೆ ಸಿಕ್ಕಿತಾ? ನಾಯಿ ಬಾಯಿಂದ ಬಿಡಿಸಿ ತಂದರೆ ಅಬ್ಬಿ ಬಾಯಿಗೆ ಹೋಯಿತು ನೋಡಿ!"

ದಾಕ್ಷಾಯಣಿ ಕವಲಿನ ಕಡೆ ತಿರುಗಿ ನೋಡಿದಳು.

"ಹಾಳಾದ್ದು, ಯಾವುದೋ ದನ ಸೊಪ್ಪನ್ನು ಈಚೆಯಿಂದ ಆಚೆಗೆ ಎಳೆದಿರಬೇಕು ಅಕ್ಕಾ."

"ದನ ಸೊಪ್ಪು ತಿನ್ನುತ್ತೆ" ಎಂದರು ಅವ್ವ. "ಅದರ ಮೇಲೆ ಕಲ್ಲು ಇಡೋದಿಲ್ಲ."

ಹೊನ್ನಿ ಅವ್ವನನ್ನು ನೋಡಿದಳು. ದಾಕ್ಷಾಯಣಿಯನ್ನು ನೋಡಿದಳು. ಅವಳು ನಗದೆ ಇದ್ದದ್ದು ಅದೇ ಮೊದಲು.

"ಹೌದು, ನಾನೇ ಹಾಕಿದೆ!" ದಾಕ್ಷಾಯಣಿಯ ದನಿ ಒಡೆಯಿತು. "ಇವಳು ಬರಬಾರದು ಅಂತ ಹಾಕಿದೆ. ಬಯಲಿಗೆ ಹೋಗಲಿ ಅಂತ. ಸಾಯಲಿ ಅಂತ ಅಲ್ಲ. ಆದರೆ ನಿಮಗೆ ದಾರಿ ಗೊತ್ತಿತ್ತಲ್ಲ ಅವ್ವಾ! ನನಗೆ ಹೇಳಿಕೊಟ್ಟವರೇ ನೀವು. ಗೊತ್ತಿದ್ದೂ ಯಾಕೆ ಹತ್ತಿದಿರಿ?"

ಅವ್ವನ ಕಣ್ಣು ಕೆಂಪಗಾಯಿತು. ಆ ಕಣ್ಣಿನಲ್ಲಿ ಅಂಥ ಸಿಟ್ಟನ್ನು ದಾಕ್ಷಾಯಣಿ ಎಂದೂ ಕಂಡಿರಲಿಲ್ಲ.

"ನಾನು ಆ ದಾರಿ ನೋಡಿದ್ದು ಹೋದ ವರ್ಷ. ನೀನು ನೋಡಿದ್ದು ಈಗ. ಒಂದು ಮಳೆಗಾಲ ಕಳೆದಿದೆ. ಕೆಳಗೆ ದಾರಿ ಕುಸಿದಿದೆ, ಅದಕ್ಕೇ ಹುಡುಗಿ ಅಲ್ಲಿ ಸೊಪ್ಪು ಹಾಕಿದ್ದಾಳೆ ಅಂದುಕೊಂಡೆ, ನಿನ್ನನ್ನು ಹುಡುಕುತ್ತ ಅಂಚಿಗೆ ಬಂದೆ. ನನ್ನ ಹಳೇ ನೆನಪು ದೊಡ್ಡದೋ, ಮುಂದೆ ಹೋದವಳ ಕಣ್ಣು ದೊಡ್ಡದೋ?"

"ಅವ್ವಾ..."

"ನಿಲ್ಲು, ನಾನಿನ್ನೂ ಮುಗಿಸಿಲ್ಲ. ಇವಳಿಗೆ ಮಂತ್ರ ಬೇಡ ಅಂತ ನನ್ನೆದುರು ನಿಂತು ಹೇಳಬಹುದಿತ್ತು. ನನ್ನ ಜೊತೆ ಜಗಳ ಆಡಬಹುದಿತ್ತು. ಇವಳ ಜುಟ್ಟು ಹಿಡಿದು ಗುದ್ದಾಡಿದ್ದರೂ ನಾನು ಬಿಡಿಸುತ್ತಿದ್ದೆ. ದಾರಿಯ ಮೇಲೆ ಯಾಕೆ ತೀರಿಸಿಕೊಂಡೆ? ಸಿಟ್ಟು ನಿನ್ನದು, ಇಟ್ಟುಕೋ. ಸೊಪ್ಪು ನಿನ್ನದಲ್ಲ."

ನೀರು ಬೀಳುತ್ತಲೇ ಇತ್ತು.

ಹೊನ್ನಿಯ ಹೆಗಲಿಗೆ ಕೈ ಹಾಕಿ ಅವ್ವ ಕುಂಟುತ್ತ ಇಳಿದರು. ಇನ್ನೊಂದು ಹೆಗಲು ಕೊಡಲು ದಾಕ್ಷಾಯಣಿ ಮುಂದೆ ಬಂದಳು. ಅವ್ವ ಅದನ್ನು ಹಿಡಿಯಲಿಲ್ಲ.

ಕವಲಿನಲ್ಲಿ ನಿಂತರು.

"ಸೊಪ್ಪು ಎಲ್ಲಿ?"

"ಒದ್ದುಬಿಟ್ಟೆ."

"ಸುಳ್ಳು ಸೊಪ್ಪು ತೆಗೆದೆ. ಸರಿ. ಈಗ ಹಿಂದೆ ಬರುವವರಿಗೆ?"

ದಾಕ್ಷಾಯಣಿ ಒಂದು ಟೊಂಗೆ ಮುರಿದಳು. ಈ ಸಲ ಸಿಪ್ಪೆ ಕೀಳಲಿಲ್ಲ. ಮೇಲಿನ ದಾರಿಗೆ ಅಡ್ಡ ಹಾಕಿ, ಪೊದೆಯಿಂದ ಆ ಕಲ್ಲನ್ನೇ ಹುಡುಕಿ ತಂದು ಅದರ ಮೇಲಿಟ್ಟಳು.

"ಮನೆಗೆ ನಡೆಯಿರಿ" ಎಂದರು ಅವ್ವ. "ಈ ಕಾಲಿಟ್ಟುಕೊಂಡು ಬುಡಕ್ಕೆ ಇಳಿಯಲು ನನ್ನಿಂದಾಗದು."

"ಹಾಗಾದರೆ ನನ್ನ ಮಂತ್ರ?"

ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅವಳಿಗೆ ಅನ್ನಿಸಿತು. ಆದರೆ ಇಷ್ಟು ವರ್ಷ ಎದೆಯಲ್ಲಿದ್ದ ಮಾತು ಅದೊಂದೇ.

"ಅಕ್ಕನಿಗೆ ಇಲ್ಲೇ ಹೇಳಿಬಿಡಿ ಅವ್ವಾ" ಎಂದಳು ಹೊನ್ನಿ. "ನಾನು ಕಿವಿ ಮುಚ್ಚಿಕೊಳ್ಳುತ್ತೇನೆ. ನನ್ನದು ಮುಂದಿನ ಸಲ ಆದರೂ ಆಯಿತು."

"ನಿನ್ನ ಕರುಣೆ ಬೇಡ ನನಗೆ!" ದಾಕ್ಷಾಯಣಿ ಸಿಡಿದಳು. ಸಿಡಿದು, ಅಲ್ಲೇ ಕುಸಿದು ಕೂತು, ಮಂಡಿಯಲ್ಲಿ ಮುಖ ಹುದುಗಿಸಿದಳು.

ಅವ್ವ ಅವಳ ಕಡೆ ಬಾಗಿದರು.

"ಬಂಡೆಯ ಮೇಲಿಂದ ಒಮ್ಮೆ ಕೆಳಗೆ ಕಣ್ಣು ಹಾಯಿಸಿದೆ. ನೀನು ಬಾಯಿ ತೆರೆದು ಏನೋ ಕೂಗುತ್ತಿದ್ದೆ. ಒಂದೂ ಕೇಳಿಸಲಿಲ್ಲ. ಏನು ಕೂಗಿದೆ?"

ದಾಕ್ಷಾಯಣಿ ತಲೆ ಎತ್ತಲಿಲ್ಲ.

"ನನ್ನನ್ನು ಕರೆದೆಯಾ?"

"ಇಲ್ಲ."

"ದೇವರನ್ನು?"

"ಇಲ್ಲ."

"ಮತ್ತೆ?"

ಉತ್ತರ ಬಂತು. ಹಲ್ಲುಗಳ ನಡುವಿನಿಂದ, ಮುಳ್ಳು ಕಿತ್ತ ಹಾಗೆ.

"'ಹೊನ್ನೀ, ಹಿಡಿ' ಅಂದೆ."

"ಇನ್ನೇನಂದೆ?"

"ಅಷ್ಟೇ. ಹೊನ್ನೀ, ಹಿಡಿ. ಹೊನ್ನೀ, ಹಿಡಿ. ಬೇರೇನೂ ಬಾಯಿಗೆ ಬರಲಿಲ್ಲ."

ಹೊನ್ನಿ ನಿಂತಲ್ಲೇ ಕಣ್ಣೊರೆಸಿಕೊಂಡಳು.

ಅವ್ವ ಹೊನ್ನಿಯ ಹೆಗಲು ಬಿಟ್ಟು ಕೈ ಚಾಚಿದರು. ದಾಕ್ಷಾಯಣಿ ಎದ್ದು ಬಂದು ಆ ಕೈಗೆ ತನ್ನ ಹೆಗಲು ಕೊಟ್ಟಳು.

"ಅಬ್ಬಿಯ ಬುಡದಲ್ಲಿ ನಿಂತು, ಬೇರೆ ಯಾರ ಕಿವಿಗೂ ಬೀಳದ ಹಾಗೆ ಹೇಳಿಯಾಗಿದೆ" ಎಂದರು ಅವ್ವ. "ಇನ್ನು ದಿನವೂ ಅದನ್ನೇ ಹೇಳಿಕೋ."